ಭಾರದ ಸಕ್ಕರೆ

ಅರವತ್ತು ಗ್ರಾಂ. ತೂಗಿದ್ದು ನಾನೇ.
ನೋಡಲು ಸಾದಾ ಸಕ್ಕರೆ, ಕರಗಿದರೆ ಸಾದಾ ನೀರು.
ಆದರೆ ಒಂದೊಂದು ಅಣುವಿಗೂ ಎರಡೆರಡು
ಭಾರದ ಹೈಡ್ರೋಜನ್ ಕಟ್ಟಿ ಕಳಿಸಿದ್ದಾರೆ,
ಮೇಯಲು ಬಿಟ್ಟ ಕುರಿಯ ಕೊರಳಿಗೆ ಗಂಟೆ ಕಟ್ಟಿದ ಹಾಗೆ,
ಯಾರ ಬೇಲಿ ದಾಟಿತು, ಯಾರ ಹೊಲ ಹೊಕ್ಕಿತು
ಕೇಳಿಸಲಿ ಎಂದು.

ಖಲ್ಫಾನ್ ಬಿನ್ ಸುಲೇಮ್, ಬರ್ಕಾದ ಹಲ್ವಾದವರು,
ಎಡಗೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದು
ನಾಲಿಗೆ ಅಂಗುಳಕ್ಕೆ ತಾಗಿಸಿ ಯೋಚಿಸಿದರು.
"ಪಾಕ ಬಂದಿಲ್ಲ. ಏಲಕ್ಕಿಯೂ ಇಲ್ಲ.
ಇದನ್ನು ಮಾಡಿದವನಿಗೆ ಎಷ್ಟು ಕೊಡುತ್ತೀರಿ?"
ಬೆಲೆ ಹೇಳಿದೆ.
ಹುಬ್ಬು ಹಾರಿಸಿ, ಉಳಿದದ್ದನ್ನು ಒಂದು ಹನಿ ಬಿಡದೆ ಕುಡಿದರು.

ಹೊರಗೆ ಮಸ್ಕತ್ತಿನ ಜುಲೈ, ಕಾರಿನ ಬಾಗಿಲು ಮುಟ್ಟುವಂತಿಲ್ಲ.
ಒಳಗೆ ಸ್ವೆಟರು ಹಾಕಿಕೊಂಡು ನಾನು
ಅವರ ಬೆಳ್ಳಿಯ ಉಂಗುರ, ಫೋನು, ಕಿಸೆಯ ಬೈಸಾ ಬಿಲ್ಲೆ
ಟ್ರೇಯಲ್ಲಿ ಎಣಿಸಿಟ್ಟೆ.
"ಸಕ್ಕರೆ ಬಿಟ್ಟರೆ ಇದು ಉಪವಾಸ ಬೀಳುತ್ತದೆಯೇ, ಮಗಳೇ?"
ಇಲ್ಲ. ನೀವು ಬಿಟ್ಟರೂ ನಿಮ್ಮ ಲಿವರ್ ಬಿಡುವುದಿಲ್ಲ,
ಕೂಡಿಟ್ಟದ್ದನ್ನು ಕರಗಿಸಿ, ಅದೂ ತೀರಿದರೆ ಹೊಸದಾಗಿ ಕಾಸಿ
ರಕ್ತಕ್ಕೆ ಸುರಿಯುತ್ತಲೇ ಇರುತ್ತದೆ.
"ಹಾಗಾದರೆ ಅದೂ ನಮ್ಮ ಕಸುಬಿನದೇ," ಎಂದು ನಕ್ಕು
ಸುರಂಗದೊಳಗೆ ಸರಿದರು.

ನಮ್ಮಪ್ಪ ಮುಧೋಳದ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದ.
ಕಬ್ಬಿನ ಹಾಲು ತಿಳಿಮಾಡಿ, ಗಾಜಿನ ಕೊಳವೆಗೆ ತುಂಬಿ
ಹಳದಿ ದೀಪದೆದುರು ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದ.
ಬೆಳಕು ಎಷ್ಟು ಬಲಕ್ಕೆ ತಿರುಗಿತೋ ಅಷ್ಟು ಸಕ್ಕರೆ.
"ಮಾಲಕ ಸುಳ್ಳ ಹೇಳ್ತಾನ, ತೂಕದ ಕಲ್ಲೂ ಸುಳ್ಳ ಹೇಳ್ತದ,
ಸಕ್ಕರಿಗೆ ಮಾತ್ರ ಅದು ಬರಂಗಿಲ್ಲವ್ವ."
ಅವನದು ಬೆಳಕು, ನನ್ನದು ಕಾಂತ.

ಪರದೆಯ ಮೇಲೆ ಗುಡ್ಡಗಳು.
ನೀರಿನದು ಮೊದಲೇ ಇತ್ತು.
ಅದರ ಪಕ್ಕ ಗ್ಲೂಕೋಸು, ಹತ್ತನೇ ನಿಮಿಷಕ್ಕೆ ತಲೆಯೆತ್ತಿತು.
ಆಚೆ ಗ್ಲುಟಮೇಟು: ಮಿದುಳು ಸಕ್ಕರೆಯನ್ನು ಒಲೆಗೆ ಹಾಕಿ
ನಿಯತ್ತಾಗಿ ಉರಿಸಿದ್ದಕ್ಕೆ ರಸೀದಿ.
ಕೊನೆಗೆ ಬಲತುದಿಯಲ್ಲಿ ಲ್ಯಾಕ್ಟೇಟು,
ನಾವು ಹೆಪ್ಪು ಹಾಕಿ ಕಾಯುವ ಅದೇ ಹುಳಿ.
ಗೆಡ್ಡೆಯ ಊಟವೇ ಹಾಗೆ, ಗಾಳಿ ಬೇಕಾದಷ್ಟಿದ್ದರೂ
ಅರೆಬರೆ ಬೇಯಿಸಿ, ಎಂಜಲು ಹೊರಗೆಸೆದು
ಮತ್ತೊಂದು ಹಿಡಿಗೆ ಕೈ ಚಾಚುತ್ತದೆ.

ನನ್ನ ಮಾದರಿ ಬಡವರ ಅಡುಗೆಮನೆ, ಮೂರೇ ಗಡಿಗೆ:
ರಕ್ತ, ಕೋಶ, ಹುಳಿ.
ನಡುವೆ ಬಾಣಗಳು, ಬಾಣಕ್ಕೊಂದು ವೇಗ.
ಗಡಿಗೆಗೆ ಬಿದ್ದದ್ದು ಕ್ಷಣದಲ್ಲಿ ಸಮನಾಗಿ ಬೆರೆಯುತ್ತದೆ
ಎಂದು ನಮ್ಮ ಊಹೆ.
ಎಲ್ಲಿ ಬೆರೆಯುತ್ತದೆ? ತಾಮ್ರದ ಹಂಡೆಯೆದುರು ನಿಂತು
ಎರಡು ತಾಸು ತೊಳಸಿದವರನ್ನು ಕೇಳಬೇಕು.

ನಲವತ್ತನೇ ನಿಮಿಷ, ಗೆರೆ ಕಲಕಿತು.
ಗುಡ್ಡಗಳು ಅಗಲಾಗಿ ಒಂದರ ಮೈಮೇಲೆ ಒಂದು ಕುಸಿದವು.
ಅಲುಗಬೇಡಿ ಅಮ್ಮೀ, ಎಂದೆ ಮೈಕಿನಲ್ಲಿ,
ನನ್ನ ಮುರುಕು ಅರಬ್ಬಿಯಲ್ಲಿ.
ಉತ್ತರವಿಲ್ಲ. ನಿದ್ದೆ.
ಗಾಜಿಗೆ ಮುಖ ಹಚ್ಚಿ ನೋಡಿದೆ:
ಬೆಳಿಗ್ಗೆ ಲೋಟ ಹಿಡಿಯಲಾರದ ಬಲಗೈ
ಹೊದಿಕೆಯ ಮೇಲೆ ಸುತ್ತುತ್ತಿತ್ತು,
ನಿಧಾನ, ಒಂದೇ ದಿಕ್ಕಿಗೆ,
ತಳ ಹಿಡಿಯದ ಹಾಗೆ.

ಎಬ್ಬಿಸಬೇಕಿತ್ತು.
ಮೂರು ನಿಮಿಷ ಎಬ್ಬಿಸಲಿಲ್ಲ.

ರಾತ್ರಿ ಕೂತು ರೇಖೆ ಹೊಂದಿಸಿದೆ. ಹುಳಿಯ ಬಾಣದ ವೇಗ ಬಂತು,
ದೊಡ್ಡದೇ ಬಂತು.
ಡಾಕ್ಟರ್ ಲುಬ್ನಾಗೆ ಕಳಿಸಿದೆ, ಹೇಳುವ ಕೆಲಸ ಅವರದು.
ಕೆಳಗೊಂದು ಟಿಪ್ಪಣಿ ಇರಲೇಬೇಕು,
ಆ ಮೂರು ನಿಮಿಷಗಳನ್ನು ಚಲನೆಯ ಕಾರಣದಿಂದ
ಲೆಕ್ಕಕ್ಕೆ ಹಿಡಿದಿಲ್ಲವೆಂದು.
ವರದಿ ಇಂಗ್ಲಿಷಿನದು, ಪುಣ್ಯ.
ಕನ್ನಡದಲ್ಲಾದರೆ
ಕೈಬಿಡಲಾಗಿದೆ ಎಂದು ಬರೆಯಬೇಕಾಗುತ್ತಿತ್ತು.